ಕಡಲೆಯ ಕುಲವೂ ದೂರದ ಸಂಬಂಧವೂ

ಮಾರ್ಗಶಿರದ ಮುಂಜಾವಿನಲ್ಲಿ ನಾಗಪುರದ ಸುತ್ತಣ ಎರೆಹೊಲಗಳಲ್ಲಿ ನಡೆದವರ ಕಾಲಿಗೆ ಕಡಲೆಗಿಡದ ಹುಳಿಯಿಬ್ಬನಿ ಅಂಟುತ್ತದೆ. ರಾತ್ರಿ ಗಿಡಗಳ ಮೇಲೆ ಬಟ್ಟೆ ಹಾಸಿ ಬೆಳಗ್ಗೆ ಆ ಹುಳಿಯನ್ನು ಹಿಂಡಿಕೊಳ್ಳುವ ರೂಢಿಯನ್ನು ಬಲ್ಲ ಕನ್ನಡಿಗನಿಗೆ ವಿದರ್ಭದ ಈ ನೆಲ ಪರದೇಶವೆನಿಸುವುದಿಲ್ಲ. ಮಳೆ ನಿಂತ ಮೇಲೆ ಮಣ್ಣೊಳಗೆ ಉಳಿದ ತೇವವನ್ನೇ ನೆಚ್ಚಿ ಬೆಳೆಯುವ ಈ ಹಿಂಗಾರಿ ಪೈರಿನ ಇಳುವರಿಯನ್ನು ವೃದ್ಧಿಪಡಿಸಲು ನಮ್ಮ ದೇಶದ ಕೃಷಿವಿದ್ಯಾಲಯಗಳಲ್ಲಿ ಒಂದು ವಿಧಾನ ಬಹುಕಾಲದಿಂದ ರೂಢವಾಗಿದೆ: ಮೂವತ್ತೋ ನಲವತ್ತೋ ತಳಿಗಳನ್ನು ಸಾಲುಸಾಲಾಗಿ ಬಿತ್ತಿ, ಹೂಬಿಡುವ ದಿನ, ಗಿಡದ ಎತ್ತರ, ಕಾಯಿಗಳ ಸಂಖ್ಯೆ, ನೂರು ಕಾಳಿನ ತೂಕ ಇವನ್ನೆಲ್ಲ ಅಳೆದು, ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸರು 1936ರಲ್ಲಿ ಪ್ರತಿಪಾದಿಸಿದ ದೂರಮಾನದಿಂದ ಅವುಗಳನ್ನು ಗುಂಪುಗಳಾಗಿ ವಿಂಗಡಿಸಿ, ಪರಸ್ಪರ ದೂರವಾದ ಗುಂಪುಗಳಿಂದ ತಂದೆತಾಯಿಗಳನ್ನು ಆರಿಸಬೇಕೆಂದು ವಿಧಿಸುವುದು.

ಊರು ಬೇರೆಯಾದ ಮಾತ್ರಕ್ಕೆ ಕುಲ ಬೇರೆಯಾಗದೆಂಬ ಸತ್ಯವನ್ನು ಈ ಗಣಿತ ತೋರಿಸಿಕೊಟ್ಟಿತು. ಅದಕ್ಕಾಗಿ ಅದು ಗೌರವಾರ್ಹವೇ ಸರಿ. ಆದರೆ ಒಂದೇ ಹೊಲದಲ್ಲಿ, ಒಂದೇ ಹಂಗಾಮಿನಲ್ಲಿ ಅಳೆದ ದೂರವನ್ನು ವಂಶಗುಣದ ವೈವಿಧ್ಯವೆಂದು ಭಾವಿಸುವುದು, ವರನ ಊರೆಷ್ಟು ದೂರವೆಂದು ಕೇಳಿ, ಅವನ ಆರೋಗ್ಯವನ್ನು ವಿಚಾರಿಸದೆ ಸಂಬಂಧ ಕುದುರಿಸಿದಂತೆ. ನಿಂತಲ್ಲೇ ಬಾಡಿದ ಕಡಲೆಗಿಡವನ್ನು ಕಿತ್ತು ನೋಡಿ: ಬೇರಿನ ಹೊರಮೈಯಲ್ಲಿ ಕೊಳೆತ ಗುರುತಿರುವುದಿಲ್ಲ, ಚಾಕುವಿನಿಂದ ಉದ್ದಕ್ಕೆ ಸೀಳಿದಾಗ ನಡುವೆ ಕಪ್ಪು ಗೆರೆಯೊಂದು ಕಾಂಡದವರೆಗೆ ಏರಿರುವುದು ಕಾಣುತ್ತದೆ. ಸೊರಗು ರೋಗದ ಈ ಗೆರೆಗೆ ಮೇಲಣ ಅಳತೆಗಳ ಪಟ್ಟಿಯಲ್ಲಿ ಸ್ಥಾನವೇ ಇಲ್ಲ.

ಅಣ್ಣಿಗೇರಿಯ ಕಥೆಯನ್ನು ಇಲ್ಲಿ ನೆನೆಯಬೇಕು. 1978ರಲ್ಲಿ ಬಿಡುಗಡೆಯಾದ ಅಣ್ಣಿಗೇರಿ-1, ನಮ್ಮ ಉತ್ತರ ಕರ್ನಾಟಕದ ರೈತರು ದಶಕಗಳ ಕಾಲ ಕೈಬಿಡದ ತಳಿ, ಈ ಸೊರಗಿಗೆ ಸೋಲುತ್ತಿತ್ತು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯೂ ಕೂಡಿ, ಡಬ್ಲ್ಯೂಆರ್ 315 ಎಂಬ ತಳಿಯಿಂದ ರೋಗನಿರೋಧದ ಗುಣವೊಂದನ್ನೇ ಆಯ್ದು, ವಂಶವಾಹಿಯ ಗುರುತುಗಳ ನೆರವಿನಿಂದ ಮರಳಿಮರಳಿ ಅಣ್ಣಿಗೇರಿಯೊಡನೆಯೇ ಸಂಕರಿಸಿ, ಸೂಪರ್ ಅಣ್ಣಿಗೇರಿ-1ನ್ನು ರೂಪಿಸಿದವು. ದೂರವನ್ನಲ್ಲ, ಕೊರತೆಯನ್ನು ಮೊದಲು ಅಳೆದ ಈ ಕ್ರಮವೇ ನನಗೆ ಹೆಚ್ಚು ವಿವೇಕಯುತವಾಗಿ ತೋರುತ್ತದೆ. ಒಂದೊಂದು ಸಂಕರಕ್ಕೆ ತಗಲುವ ಶ್ರಮವೇನು ಅಲ್ಪವೇ? ಅರಳದ ಎಳೆಮೊಗ್ಗನ್ನು ಚಿಮಟದಿಂದ ಬಿಡಿಸಿ, ಪರಾಗ ಮಾಗುವ ಮುನ್ನ ಹತ್ತು ಕೇಸರಗಳನ್ನೂ ಶಲಾಕೆಗೆ ನೋವಾಗದಂತೆ ಕೀಳಬೇಕು. ಹಾಗೆ ಕಿತ್ತ ಮೊಗ್ಗುಗಳಲ್ಲಿ ಬಹುಪಾಲು ಕಾಯಿಗಟ್ಟದೆ ಉದುರುವುದುಂಟು. ಇಷ್ಟು ದುಬಾರಿಯಾದ ಮೊಗ್ಗನ್ನು ಬರಿಯ ಅಂಕಿಯ ನಂಬಿಕೆಗೆ ಒಪ್ಪಿಸುವುದು ಉಚಿತವಲ್ಲ.

ಆದರೂ ಈ ಕ್ರಮಕ್ಕೂ ಮಿತಿಯುಂಟು: ಹಳೆಯ ಕುಲವನ್ನೇ ದುರಸ್ತಿಗೊಳಿಸುತ್ತ ಹೋದರೆ ಹೊಲದಲ್ಲಿ ವೈವಿಧ್ಯ ಹೆಚ್ಚುವುದಿಲ್ಲ. 2021ರಲ್ಲಿ 3,366 ಕಡಲೆ ಮಾದರಿಗಳ ವಂಶಸೂತ್ರವನ್ನು ಓದಿದ ವಿಜ್ಞಾನಿಗಳ ಸಂಗ್ರಹದಲ್ಲಿ ಕಾಡುಬಂಧುಗಳು 195 ಮಾತ್ರ. ಕಾಯಿಕೊರಕ ಹುಳುವಿಗೆ ಸಾಗುವಳಿಯ ಕಡಲೆಯಲ್ಲಿ ಗಟ್ಟಿ ನಿರೋಧ ದೊರೆಯದಿರುವಾಗ, ಆಗ್ನೇಯ ತುರ್ಕಿಯ ಬೆಟ್ಟಗಳಲ್ಲಿ ನೆಲಕ್ಕೊರಗಿ ಬೆಳೆಯುವ ಸಣ್ಣಕಾಳಿನ ಕಾಡುಕಡಲೆಯ ನೆಂಟಸ್ತಿಕೆಯನ್ನೂ ನಾವು ಅರಸಬೇಕಾಗಿದೆ. ಅದರ ಒರಗುವ ಗುಣವನ್ನು ತೊಳೆದು, ಎರೆಹೊಲಕ್ಕೆ ಒಗ್ಗುವ ನೆಟ್ಟಗಿನ ಗಿಡವಾಗಿಸಲು ಎಷ್ಟೋ ತಲೆಮಾರುಗಳ ಆಯ್ಕೆ ಬೇಕು, ಹೊಲದಲ್ಲಿ ಬೆಳೆದು ಆರಿಸುವ ಪ್ರತಿ ತಲೆಮಾರಿಗೂ ಒಂದು ಹಿಂಗಾರು ಕಾಯಬೇಕು.