ನಗೆಯ ಬೆಲೆ ತೆರುವವರು ಯಾರು?



ಅಮೆರಿಕದ ದೂರದರ್ಶನದಲ್ಲಿ ತಡರಾತ್ರಿಯ ಮಾತುಕತೆಯ ಕಾರ್ಯಕ್ರಮಗಳಿಗೆ ದೀರ್ಘ ಪರಂಪರೆಯೇ ಇದೆ. ಎನ್‌ಬಿಸಿ ವಾಹಿನಿಯ 'ದ ಟುನೈಟ್ ಶೋ' 1954ರಲ್ಲಿ ಆರಂಭವಾಯಿತು. ಜಾನಿ ಕಾರ್ಸನ್ 1962ರಿಂದ 1992ರವರೆಗೆ, ಮೂವತ್ತು ವರ್ಷಗಳ ಕಾಲ ಅದನ್ನು ನಡೆಸಿಕೊಟ್ಟರು. ನಿರೂಪಕನಿಗೊಂದು ಮೇಜು, ಪಕ್ಕದಲ್ಲಿ ಅತಿಥಿಯ ಆಸನ, ಎದುರಿಗೆ ನಗಲು ಸಿದ್ಧರಾಗಿ ಕುಳಿತ ಪ್ರೇಕ್ಷಕರು. ಹೊಸ ಚಿತ್ರದ ಪ್ರಚಾರಕ್ಕೆಂದು ಬಂದ ನಟ ತನ್ನ ಮನೆಯಲ್ಲಿ ನಡೆದ ಫಜೀತಿಯೊಂದನ್ನು ಬಣ್ಣಿಸುತ್ತಾನೆ, ಜನರು ನಗುತ್ತಾರೆ, ಬಳಿಕ ಚಿತ್ರದ ತುಣುಕು ಬರುತ್ತದೆ.

ಆ ಹರಟೆ ತೋರುವಷ್ಟು ಆಕಸ್ಮಿಕವಾದುದಲ್ಲ. ಕಾರ್ಯಕ್ರಮದ ಸಿಬ್ಬಂದಿಯೊಬ್ಬರು ಅತಿಥಿಯೊಡನೆ ಮುಂಚಿತವಾಗಿಯೇ ಮಾತನಾಡಿ, ಯಾವ ಪ್ರಸಂಗ ನಗು ತರಿಸೀತೆಂದು ಆರಿಸಿಕೊಂಡಿರುತ್ತಾರೆ. ಪ್ರಸಂಗದ ಸುಳುಹು ನಿರೂಪಕನ ಕೈಯಲ್ಲಿನ ಚೀಟಿಯಲ್ಲಿರುತ್ತದೆ. ಇದನ್ನು ಕಪಟವೆಂದು ಕರೆಯುವುದು ಅವಸರದ ತೀರ್ಪಾದೀತು. ಹರಿಕಥೆಯ ದಾಸರೂ, ಪ್ರಬೋಧನೆ ನೀಡುವ ಗುರುಗಳೂ ಸಿದ್ಧರಾಗಿಯೇ ಬರುತ್ತಾರಲ್ಲವೇ? ನಾವು ಕೇಳಬೇಕಾದ ಪ್ರಶ್ನೆ ಬೇರೆ: ಬದುಕಿನ ಎಲ್ಲ ಸಂಗತಿಗಳೂ ಈ ನಗೆಯ ಅಚ್ಚಿನಲ್ಲಿ ಹಿಡಿಸುತ್ತವೆಯೇ?

2009ರ ಅಕ್ಟೋಬರ್ 1ರಂದು ಸಿಬಿಎಸ್ ವಾಹಿನಿಯ ನಿರೂಪಕ ಡೇವಿಡ್ ಲೆಟರ್‌ಮನ್ ಪ್ರೇಕ್ಷಕರಿಗೆ ಒಂದು ಕಥೆ ಹೇಳತೊಡಗಿದರು. ತಮ್ಮ ಕಾರಿನಲ್ಲಿ ಒಂದು ಪೊಟ್ಟಣ ದೊರೆತುದು, ಗುಟ್ಟನ್ನು ಬಯಲು ಮಾಡುವೆನೆಂದು ಬೆದರಿಸಿ ಒಬ್ಬಾತ 20 ಲಕ್ಷ ಡಾಲರ್ ಕೇಳಿದುದು, ತಾವು ಕಾನೂನಿನ ಮೊರೆಹೊಕ್ಕುದು, ಎಲ್ಲವನ್ನೂ ತಮ್ಮ ಎಂದಿನ ವಿನೋದದ ಧಾಟಿಯಲ್ಲೇ ವಿವರಿಸಿದರು. ಗುಟ್ಟು ಯಾವುದೆಂದರೆ, ತಮ್ಮ ಕೈಕೆಳಗೆ ದುಡಿಯುವ ಮಹಿಳೆಯರೊಡನೆ ಅವರಿಗಿದ್ದ ದೈಹಿಕ ಸಂಬಂಧ. ಅದು ನಿಜವೆಂದು ಅವರು ಒಪ್ಪಿಕೊಂಡಾಗ ಸಭೆ ನಕ್ಕಿತು, ಚಪ್ಪಾಳೆಯನ್ನೂ ತಟ್ಟಿತು. ಬೆದರಿಸಿದವನ ಅಪರಾಧ ನಿಜವಾದುದು; ಬೆದರಿಕೆಗೆ ಮಣಿಯದ ನಿರೂಪಕರ ಧೈರ್ಯವೂ ನಿಜವಾದುದು. ಆದರೆ ಆ ನಗೆಯ ನಡುವೆ ಅವರ ಪತ್ನಿ ಎಲ್ಲಿದ್ದರು? ಒಡೆಯನ ಕೃಪೆಯಲ್ಲಿ ಕೆಲಸಮಾಡುವ ಆ ಹೆಣ್ಣುಮಕ್ಕಳು ಎಲ್ಲಿದ್ದರು? ಅಕ್ಟೋಬರ್ 5ರ ಸಂಚಿಕೆಯಲ್ಲಿ ಅವರು ಸಿಬ್ಬಂದಿಯ ಕ್ಷಮೆ ಬೇಡಿದರು, ಪತ್ನಿಯ ಮನಸ್ಸು ನೊಂದಿರುವುದನ್ನೂ ಹೇಳಿಕೊಂಡರು. ಕ್ಷಮೆಯ ಮಾತು ನಗೆಗಿಂತ ನಾಲ್ಕು ದಿನ ತಡವಾಗಿ ಬಂದಿತು.

ಇದರ ಎದುರಿಗೆ 1995ರ ಇನ್ನೊಂದು ಪ್ರಸಂಗವನ್ನು ಇಟ್ಟು ನೋಡೋಣ. ಬ್ರಿಟಿಷ್ ನಟ ಹ್ಯೂ ಗ್ರಾಂಟ್, ವೇಶ್ಯೆಯೊಬ್ಬಳೊಡನೆ ಪೊಲೀಸರ ಕೈಗೆ ಸಿಕ್ಕಿಬಿದ್ದು ಎರಡು ವಾರ ಕಳೆಯುವಷ್ಟರಲ್ಲಿ, ಜುಲೈ 10ರಂದು 'ದ ಟುನೈಟ್ ಶೋ'ಗೆ ಬಂದರು. ಏನು ಯೋಚಿಸಿ ಹೀಗೆ ಮಾಡಿದಿರೆಂದು ಜೇ ಲೆನೋ ನೇರವಾಗಿ ಕೇಳಿದಾಗ ಸಭೆ ನಕ್ಕಿತು. ಗ್ರಾಂಟ್ ಮಾತ್ರ ಅದನ್ನು ತಮಾಷೆಯ ಕಥೆಯನ್ನಾಗಿಸಲಿಲ್ಲ. ಒಳಿತು ಕೆಡುಕುಗಳು ಯಾವುವೆಂದು ಮನುಷ್ಯನಿಗೆ ಗೊತ್ತಿರುತ್ತದೆ, ತಾನು ಮಾಡಿದ್ದು ಕೆಡುಕನ್ನೇ ಎಂಬರ್ಥದ ಎರಡು ಮಾತು ಹೇಳಿ ನಿಲ್ಲಿಸಿದರು. ಅವರು ಬಂದದ್ದೂ ಚಿತ್ರದ ಪ್ರಚಾರಕ್ಕೇ. ಆ ಸಂದರ್ಶನದಿಂದ ವಾಹಿನಿಗೆ ಲಾಭವೂ ಆಯಿತು. ಆದರೂ ಆ ಮಾತಿಗೊಂದು ತೂಕವಿತ್ತು. ಅಲ್ಲಿ ತಪ್ಪಿಗೆ ತಪ್ಪೆಂಬ ಹೆಸರೇ ಉಳಿಯಿತು.

ಪ್ರಿಯರೇ, ತನ್ನನ್ನು ನೋಡಿ ತಾನೇ ನಗಬಲ್ಲವನು ಅಹಂಕಾರದಿಂದ ಅಷ್ಟರಮಟ್ಟಿಗೆ ಬಿಡುಗಡೆ ಹೊಂದಿದವನು. ಜಾರಿಬಿದ್ದ ಕಥೆಯನ್ನೋ, ಮಾತು ಮರೆತು ರಂಗದ ಮೇಲೆ ತಡವರಿಸಿದ ಕಥೆಯನ್ನೋ ತಾರೆಯೊಬ್ಬರು ಹೇಳಿಕೊಂಡರೆ ನಾವು ಮನಸಾರೆ ನಗೋಣ. ಆ ನಗೆಯ ಬೆಲೆಯನ್ನು ಹೇಳಿದವರೇ ತೆರುತ್ತಾರೆ. ಆದರೆ ಕಥೆಯೊಳಗೆ ಹೆಂಡತಿಯೋ, ಮಗುವೋ, ಮನೆಗೆಲಸದವಳೋ ಬಂದಾಗ ಒಂದು ಕ್ಷಣ ತಡೆಯೋಣ. ಮರುನುಡಿಯಲು ಅವರಿಗೆ ಅಲ್ಲಿ ಆಸನವಿಲ್ಲ. ಅವರೂ ಅದೇ ಸಭೆಯಲ್ಲಿ ಕುಳಿತಿದ್ದರೆ ನಮ್ಮೊಡನೆ ನಗುತ್ತಿದ್ದರೇ? ಪರದೆಯ ಮುಂದೆ ಕುಳಿತವರಷ್ಟೇ ಅಲ್ಲ, ನಮ್ಮ ನಮ್ಮ ಊಟದ ಮೇಜಿನ ಸುತ್ತ ಕಥೆ ಹೇಳುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.