ರೋಗಿಯನ್ನು ನೋಡುವುದು: ತಾಲ್ಮೂದಿನ ಒಂದು ಪ್ರಸಂಗ, ನಯಸೇನನ ಒಂದು ಕಥೆ

ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರಿನ ಕಡೆಯ ಆಡುಮಾತಿನಲ್ಲಿ ಹಾಸಿಗೆ ಹಿಡಿದವರನ್ನು ‘ನೋಡ್ಕಂಡು ಬರೋದು’ ಬೇರೆ, ‘ನೋಡ್ಕಳ್ಳೋದು’ ಬೇರೆ. ಮೊದಲನೆಯದು ನೆಂಟರಿಷ್ಟರ ಸೌಜನ್ಯ; ಎರಡನೆಯದು ಮನೆಯವರ, ಬಹುಮಟ್ಟಿಗೆ ಹೆಂಗಸರ, ಹೊಣೆ. ಯೆಹೂದ್ಯರ ಧರ್ಮಶಾಸ್ತ್ರವು ಇವೆರಡನ್ನೂ ‘ಬಿಕ್ಕೂರ್ ಹೋಲೀಮ್’ ಎಂಬ ಒಂದೇ ವಿಧಿಯಲ್ಲಿ ಅಡಕಮಾಡಿದೆ. ಇದನ್ನು ‘ರೋಗಿಸಂದರ್ಶನ’ ಎಂದು ಕನ್ನಡಿಸಿದರೆ ಅರ್ಧ ಅರ್ಥವೇ ಜಾರಿಹೋಗುತ್ತದೆ. ಹೀಬ್ರೂ ಬೈಬಲಿನಲ್ಲಿ ಇದೇ ಧಾತುವು ಕುರುಬನು ಮಂದೆಯನ್ನು ವಿಚಾರಿಸಿಕೊಳ್ಳುವುದಕ್ಕೂ ಯಾಜಕನು ಚರ್ಮರೋಗವನ್ನು ಪರೀಕ್ಷಿಸುವುದಕ್ಕೂ ಬಳಕೆಯಾಗಿದೆ.

ಬಾಬಿಲೋನಿನ ತಾಲ್ಮೂದಿನ ‘ನೆದಾರೀಮ್’ ಭಾಗದಲ್ಲಿ ಬರುವ ಪ್ರಸಂಗವಿದು: ರಬ್ಬಿ ಅಕೀವನ ಶಿಷ್ಯನೊಬ್ಬನು ಕಾಯಿಲೆ ಬಿದ್ದನು, ವಿದ್ವಾಂಸರಾರೂ ಅತ್ತ ಸುಳಿಯಲಿಲ್ಲ. ಅಕೀವನು ಹೋದನು, ನೆಲ ಗುಡಿಸಿ ನೀರು ಚಿಮುಕಿಸಿದರು, ಶಿಷ್ಯನು ಚೇತರಿಸಿಕೊಂಡು, ಗುರುವೇ ತನ್ನನ್ನು ಬದುಕಿಸಿದನೆಂದನು. ಗುಡಿಸಿದವರು ಯಾರೆಂಬುದನ್ನು ಮೂಲವು ಬಿಡಿಸಿ ಹೇಳುವುದಿಲ್ಲ. ದೊಡ್ಡವರು ಬಂದರೆಂದು ಮನೆಯವರು ಗುಡಿಸಿದ್ದರೂ ಆಗಬಹುದು. ನಮಗೆ ಈ ಅಸ್ಪಷ್ಟತೆಯು ದೋಷವೆಂದು ತೋರುವುದಿಲ್ಲ. ಕಸ ಹೋಯಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಇದರೊಡನೆ ನಯಸೇನನು 1112ರಲ್ಲಿ ಮುಳುಗುಂದದಲ್ಲಿ ರಚಿಸಿದ ‘ಧರ್ಮಾಮೃತ’ವನ್ನು ಇಟ್ಟು ನೋಡುವುದು ಉಚಿತ. ನಿರ್ವಿಚಿಕಿತ್ಸೆಗೆ, ಎಂದರೆ ಹೇಸದಿರುವಿಕೆಗೆ, ಜೈನಪರಂಪರೆಯ ನಿದರ್ಶನ ಉದ್ದಾಯನ ರಾಜನ ಕಥೆ. ಕುಷ್ಠರೋಗಿ ಮುನಿಯ ವೇಷದಲ್ಲಿ ಬಂದ ದೇವನು ಉಂಡದ್ದನ್ನೆಲ್ಲ ಕಾರುತ್ತಾನೆ. ರಾಜನು ರಾಣಿ ಪ್ರಭಾವತಿಯೊಡನೆ ಅಸಹ್ಯಪಡದೆ ಉಪಚರಿಸುತ್ತಾನೆ. ತಾನಿಕ್ಕಿದ ಆಹಾರದಲ್ಲೇ ದೋಷವಿತ್ತೇನೋ ಎಂದು ಮರುಗುತ್ತಾನೆ. ಶುಶ್ರೂಷೆಯ ನಿಜವಾದ ಕಷ್ಟ, ಆ ದುರ್ಗಂಧ, ಅಕೀವನ ಪ್ರಸಂಗದಲ್ಲಿ ಇಲ್ಲವೇ ಇಲ್ಲ, ಇಲ್ಲಿದೆ. ಈ ವಿಷಯದಲ್ಲಿ ನಮ್ಮ ಕಥೆಯೇ ಮೇಲು. ಆದರೆ ರೋಗಿಯು ರೋಗಿಯಲ್ಲ. ಪರೀಕ್ಷೆ ಮುಗಿದೊಡನೆ ದೇವನು ನಿಜರೂಪ ತೋರುತ್ತಾನೆ, ಕುಷ್ಠವು ಇಲ್ಲವಾಗುತ್ತದೆ. ವಾಸಿಯಾಗದ ರೋಗಿಯ ಬಳಿ ರಾಜನು ಮರುದಿನ ಏನು ಮಾಡುತ್ತಿದ್ದನೆಂಬ ಪ್ರಶ್ನೆ ಏಳುವುದಕ್ಕೆ ಕಥೆ ಎಡೆಗೊಡುವುದಿಲ್ಲ.

ತಾಲ್ಮೂದಿನಲ್ಲಿ ಆ ಪ್ರಶ್ನೆ ಗಣಿತದ ರೂಪದಲ್ಲಿ ಏಳುತ್ತದೆ. ನೋಡಲು ಬಂದವನು ನೋವಿನ ಅರುವತ್ತರಲ್ಲೊಂದು ಪಾಲನ್ನು ಒಯ್ಯುವನೆಂದು ಒಬ್ಬರ ಮತ. ಹಾಗಾದರೆ ಅರುವತ್ತು ಮಂದಿ ಬಂದು ಗುಣಪಡಿಸಲಿ ಎಂದು ಆಕ್ಷೇಪ. ಪ್ರತಿಯೊಬ್ಬನೂ ಒಯ್ಯುವುದು ಉಳಿದುದರ ಅರುವತ್ತರಲ್ಲೊಂದನ್ನು ಎಂದು ಸಮಾಧಾನ. ಎಂದಮೇಲೆ ಎಷ್ಟು ಜನ ಬಂದರೂ ಶೇಷವು ಸೊನ್ನೆಯಾಗದು. ಇದನ್ನು ಪಂಡಿತರ ವಿನೋದವೆಂದು ತಳ್ಳಿಬಿಡುವುದು ಸುಲಭ. ನಾವು ಹಾಗೆ ತಳ್ಳಲಾರೆವು. ಬಂಧುಗಳೆಲ್ಲ ಬಂದುಹೋದ ಮೇಲೆ ರಾತ್ರಿ ರೋಗಿಯ ಪಕ್ಕದಲ್ಲಿ ಉಳಿಯುವವಳಿಗೆ ಈ ಶೇಷವೇನೆಂಬುದು ಗೊತ್ತು.

ಭೇಟಿಯ ಹೊತ್ತನ್ನು ಕುರಿತ ವಿಧಿಯೂ ಇದೇ ದೃಷ್ಟಿಯದು. ಹಗಲಿನ ಮೊದಲ ಮೂರು ಗಂಟೆ ಹೋಗಬಾರದು: ರೋಗಿಯು ಆಗ ಹಗುರವಾಗಿರುತ್ತಾನೆ, ಬಂದವನು ಪ್ರಾರ್ಥನೆಯ ಅಗತ್ಯವಿಲ್ಲವೆಂದುಕೊಂಡಾನು. ಕಡೆಯ ಮೂರು ಗಂಟೆಯೂ ಸಲ್ಲದು: ಆಗ ಬಳಲಿಕೆ ಹೆಚ್ಚುತ್ತದೆ, ಬಂದವನು ಆಸೆಯನ್ನೇ ಬಿಟ್ಟಾನು.