ಹಿಟ್ಟಿನ ಕೋಳಿಯ ಕೂಗು: ‘ಯಶೋಧರ ಚರಿತೆ’ಯನ್ನು ಶ್ರಾವಕನು ಓದುವ ಬಗೆ

ಕನ್ನಡದ ಜೈನ ಕಾವ್ಯಗಳಲ್ಲಿ ಜನ್ನನ ‘ಯಶೋಧರ ಚರಿತೆ’ಯಷ್ಟು ಕಿರಿದಾಗಿದ್ದು ಅದರಷ್ಟು ಚರ್ಚೆಗೆ ಒಳಗಾದ ಕೃತಿ ವಿರಳ. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂದು ಮನ್ನಣೆ ಪಡೆದ ಜನ್ನನು 1209ರಲ್ಲಿ ಇದನ್ನು ರಚಿಸಿದನು. ಸೋಮದೇವಸೂರಿಯೂ ವಾದಿರಾಜರೂ ಸಂಸ್ಕೃತದಲ್ಲಿ ಮೊದಲೇ ಹೇಳಿದ್ದ ಕಥೆಯನ್ನು ಆತನು ನಾಲ್ಕು ಅವತಾರಗಳಲ್ಲಿ, ಬಹುಪಾಲು ಕಂದಪದ್ಯಗಳಲ್ಲಿ ಅಡಕಗೊಳಿಸಿದ್ದಾನೆ. ಜೀವದಯಾಷ್ಟಮಿಯಂದು ನಮ್ಮಲ್ಲಿ ನೆನೆಯುವ ಕಥೆಯೂ ಇದೇ. ಇಷ್ಟು ಪರಿಚಿತವಾದ ಕೃತಿಯನ್ನು ನಾವು ನಿಜವಾಗಿ ಓದುತ್ತಿದ್ದೇವೆಯೇ ಎಂಬುದು ವಿಚಾರಣೀಯ.

ಈ ಕಾವ್ಯವನ್ನು ಓದುವ ಎರಡು ಬಗೆಗಳು ರೂಢಿಯಲ್ಲಿವೆ. ಮೊದಲನೆಯದು ಸಾಹಿತ್ಯ ವಿಮರ್ಶಕರದು. ರಾತ್ರಿ ಕೇಳಿಬಂದ ಹಾಡಿಗೆ ಮನಸೋತು, ಕುರೂಪಿಯಾದ ಮಾವುತನನ್ನು ಅರಸಿ ಹೋದ ಅಮೃತಮತಿಯೇ ಅವರಿಗೆ ಕೇಂದ್ರ. ಗಿರೀಶ ಕಾರ್ನಾಡರು ಇದೇ ವಸ್ತುವಿನಿಂದ ‘ಹಿಟ್ಟಿನ ಹುಂಜ’ ನಾಟಕವನ್ನು ಬರೆದರು. ಎರಡನೆಯದು ನಮ್ಮ ಮನೆಗಳದು. ಪ್ರಾಣಿಬಲಿ ಪಾಪ, ಅದರ ಫಲ ಜನ್ಮಜನ್ಮಾಂತರದ ದುಃಖ ಎಂದು ಮಕ್ಕಳಿಗೆ ಹೇಳಿ ಪುಸ್ತಕ ಮುಚ್ಚುತ್ತೇವೆ. ಎರಡೂ ತಪ್ಪಲ್ಲ. ಆದರೆ ಎರಡರಲ್ಲಿಯೂ ಒಂದು ಸೌಕರ್ಯವಿದೆ. ಮೊದಲನೆಯದರಲ್ಲಿ ದೋಷ ಅಮೃತಮತಿಯದು; ಎರಡನೆಯದರಲ್ಲಿ ದೋಷ ಬಲಿ ಕೊಡುವ ಅನ್ಯರದು. ಓದುವವನು ಮಾತ್ರ ಎಲ್ಲಿಯೂ ಸಿಕ್ಕಿಬೀಳುವುದಿಲ್ಲ.

ಕಥೆಯ ನಡೆಯನ್ನು ಒಮ್ಮೆ ನೋಡೋಣ. ಯಶೋಧರನು ಬಲಿಯನ್ನು ಒಪ್ಪುವವನಲ್ಲ. ರಾಣಿಯ ದ್ರೋಹವನ್ನು ಕಣ್ಣಾರೆ ಕಂಡಾಗಲೂ ಎತ್ತಿದ ಕತ್ತಿಯನ್ನು ಅವನು ಇಳಿಸುತ್ತಾನೆ. ಮರುದಿನ ತಾಯಿ ಚಂದ್ರಮತಿಯ ಮುಂದೆ, ಕಂಡದ್ದನ್ನು ಕನಸಿನ ಮರೆಯಲ್ಲಿಟ್ಟು ಹೇಳುತ್ತಾನೆ. ಅದನ್ನು ದುಃಸ್ವಪ್ನವೆಂದು ಬಗೆದ ತಾಯಿ, ಶಾಂತಿಗಾಗಿ ದೇವಿಗೆ ಬಲಿಯಾಗಬೇಕೆನ್ನುತ್ತಾಳೆ. ಮಗನು ನಿರಾಕರಿಸುತ್ತಾನೆ. ಆಗ ಅವಳು ನಡುದಾರಿಯೊಂದನ್ನು ಸೂಚಿಸುತ್ತಾಳೆ: ಪ್ರಾಣಿ ಬೇಡ, ಹಿಟ್ಟಿನ ಕೋಳಿ ಸಾಕು. ತಾಯಿಯ ಮಾತಿಗೆ ಕಟ್ಟುಬಿದ್ದು ಅವನು ಒಪ್ಪುತ್ತಾನೆ. ಕತ್ತಿ ಬಿದ್ದಾಗ, ಬೆಂತರವೊಂದು ಹೊಕ್ಕಿದ್ದ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ.

ಕಾವ್ಯದ ಹೃದಯ ಇರುವುದು ಈ ಕೂಗಿನಲ್ಲಿ. ಸತ್ತ ಪ್ರಾಣಿ ಯಾವುದೂ ಇಲ್ಲ, ಹರಿದ ರಕ್ತವೂ ಇಲ್ಲ. ಹೊರಗಿನಿಂದ ನೋಡಿದರೆ ಅಪರಾಧವೇ ಇಲ್ಲ. ಆದರೂ ತಾಯಿ ಮಗ ಇಬ್ಬರೂ ಅಮೃತಮತಿ ಉಣಿಸಿದ ವಿಷದಿಂದ ಸತ್ತು ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕೊನೆಗೆ ಕೋಳಿಗಳಾಗಿ ಹುಟ್ಟಿ ಬಳಲುತ್ತಾರೆ. ಜನ್ನನ ತೀರ್ಮಾನ ಸ್ಪಷ್ಟ: ಕಡಿಯಬೇಕೆಂಬ ಸಂಕಲ್ಪವಿತ್ತು, ಕಡಿದ ಕೈಯಿತ್ತು, ಬದಲಾದದ್ದು ವಸ್ತು ಮಾತ್ರ. ಪತನದ ಮೆಟ್ಟಿಲುಗಳನ್ನೂ ಕವಿ ಎಣಿಸಿದಂತೆ ಇಟ್ಟಿದ್ದಾನೆ. ಮೊದಲು ಸತ್ಯವನ್ನು ಮರೆಮಾಚುವುದು. ಅನಂತರ ಪ್ರೀತಿಪಾತ್ರರ ಮನಸ್ಸನ್ನು ನೋಯಿಸಲಾರದೆ ಅರ್ಧ ಒಪ್ಪುವುದು. ಕೊನೆಗೆ, ಒಪ್ಪಿದ್ದು ಅರ್ಧ ಮಾತ್ರವೆಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವುದು. ಇದು ಕ್ರೂರಿಯ ಕಥೆಯಲ್ಲ, ಸಜ್ಜನನ ಕಥೆ.

ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡುಗೆ, ಕೃಷಿ, ವ್ಯಾಪಾರ, ಆತ್ಮರಕ್ಷಣೆಗಳಲ್ಲಿ ಗೃಹಸ್ಥನಿಗೆ ತಪ್ಪದ ಹಿಂಸೆಯಿದೆ. ಆದರೆ ಸಂಕಲ್ಪಿ ಹಿಂಸೆಯನ್ನು ಅವನು ಸರ್ವಥಾ ಬಿಡಲೇಬೇಕು. ಈ ವಿಂಗಡಣೆ ದಯೆಯಿಂದ ಕೊಟ್ಟ ಸಡಿಲಿಕೆಯೇ ಹೊರತು ಅಡಗಿಕೊಳ್ಳಲು ಕೊಟ್ಟ ಜಾಗವಲ್ಲ. ವರ್ತಕ ಸಮಾಜದವರಾದ ನಾವು ಎಷ್ಟೋ ಸಂಕಲ್ಪಗಳನ್ನು ಉದ್ಯೋಗದ ಖಾತೆಗೆ ಬರೆದುಬಿಡುತ್ತೇವೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ, ಕಳ್ಳಮಾಲನ್ನು ಕೊಳ್ಳುವುದು, ಒಂದೇ ಬಗೆಯಾಗಿ ಕಾಣುವ ಸರಕನ್ನು ಬೆರೆಸುವುದು, ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು ಇವುಗಳನ್ನೂ ಎಣಿಸಿದ್ದಾರೆ. ಅಂಗಡಿಯ ತಕ್ಕಡಿಯನ್ನು ಬಲ್ಲವರ ಮಾತು ಅದು.

ಇಂದಿನ ಹಿಟ್ಟಿನ ಕೋಳಿಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಸುಳ್ಳು ಹೇಳಲಿಲ್ಲ, ಕೇಳದ್ದನ್ನು ಹೇಳಲಿಲ್ಲ ಅಷ್ಟೆ ಎನ್ನುವ ಮಾರಾಟ. ಎರಡನೆಯ ದರ್ಜೆಯ ಮಾಲಿಗೆ ಮೊದಲನೆಯ ದರ್ಜೆಯ ಚೀಟಿ. ಲೆಕ್ಕಕ್ಕೆ ಬಾರದ ಕಚ್ಚಾ ಬಿಲ್ಲು, ಅದರ ಲಾಭದಲ್ಲಿ ಬಸದಿಗೊಂದು ದಾನ. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಕರ್ಮಕ್ಕೆ ದ್ವಾರವೆನ್ನುವ ಶಾಸ್ತ್ರದ ಮುಂದೆ, ‘ಗುಮಾಸ್ತ ಮಾಡಿದ್ದು’, ‘ಎಲ್ಲರೂ ಮಾಡುವುದು’ ಎಂಬ ಉತ್ತರಗಳು ನಿಲ್ಲುವುದಿಲ್ಲ. ಸೂಚಿಸಿದ ಚಂದ್ರಮತಿಗೂ ಕಡಿದ ಯಶೋಧರನಿಗೂ ಜನ್ನನು ಭವಾವಳಿಯನ್ನು ಸಮನಾಗಿಯೇ ಹಂಚಿದ್ದಾನೆಂಬುದನ್ನು ಮರೆಯಬಾರದು.

ಇನ್ನೊಂದು ಅಂಶ ಓದಿಗೇ ಸಂಬಂಧಿಸಿದ್ದು. ಕಾವ್ಯದಲ್ಲಿ ಕೋಳಿ ಎರಡು ಬಾರಿ ಕೂಗುತ್ತದೆ. ಮೊದಲ ಕೂಗು ಕತ್ತಿಯ ಕೆಳಗಿನದು. ಎರಡನೆಯದು, ಕೋಳಿಗಳಾಗಿ ಹುಟ್ಟಿದ ತಾಯಿಮಕ್ಕಳು ಮುನಿಯ ಧರ್ಮೋಪದೇಶವನ್ನು ಕೇಳಿ ಹಿಂದಿನ ಭವಗಳನ್ನು ನೆನೆದು ಕೂಗಿದ್ದು. ಆ ಕ್ಷಣವೇ ಬಾಣ ತಾಗಿ ಸತ್ತರೂ, ಅವರು ಮನುಷ್ಯಜನ್ಮವನ್ನು ಪಡೆದು ಅಭಯರುಚಿ, ಅಭಯಮತಿಯರಾಗುತ್ತಾರೆ. ಬಲಿಗಾಗಿ ಹಿಡಿದು ತರಲ್ಪಟ್ಟ ಈ ಮಕ್ಕಳು ಮಾರಿದತ್ತನೆದುರು ಹೇಳುವುದೇ ಇಡೀ ಕಥೆ. ಅರಸನು ಕೇಳುತ್ತಾನೆ, ಕೇಳಿ ಬಲಿಯನ್ನು ಬಿಟ್ಟು ವೈರಾಗ್ಯದತ್ತ ತಿರುಗುತ್ತಾನೆ. ಕಥೆಯನ್ನು ಕೇಳಿದ್ದರಿಂದ ಒಬ್ಬನ ಶೀಲ ಬದಲಾಯಿತು ಎಂಬುದೇ ಕಾವ್ಯದ ಚೌಕಟ್ಟು. ಸ್ವಾಧ್ಯಾಯವನ್ನು ನಮ್ಮ ಧರ್ಮವು ಅಂತರಂಗ ತಪಸ್ಸುಗಳಲ್ಲಿ ಸೇರಿಸಿರುವುದು ಏಕೆಂಬುದು ಇಲ್ಲಿ ವಿದಿತವಾಗುತ್ತದೆ.

ಕೃತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಒಬ್ಬಳ ತಪ್ಪಿನಿಂದ ಸ್ತ್ರೀಕುಲವನ್ನೇ ಹಳಿಯುವ ಮಾತುಗಳು ಇಂದಿನ ಓದುಗನಿಗೆ, ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳಿಗೆ, ಒಪ್ಪಿತವಾಗಲಾರವು, ಆಗಬೇಕಾಗಿಯೂ ಇಲ್ಲ. ಮಾರಿದತ್ತನಿಗೆ ದೊರೆತ ಪರಿವರ್ತನೆಯ ಬಾಗಿಲು ಅಮೃತಮತಿಗೆ ತೆರೆಯುವುದಿಲ್ಲ. ಭವಾವಳಿಯ ಭಾಗವು ಅವಸರದಲ್ಲಿ ಸಾಗುತ್ತದೆ. ಇವನ್ನು ಮುಚ್ಚಿಡದೆ ಹೇಳಿ ಓದುವುದೇ ಕೃತಿಗೆ ತೋರುವ ಗೌರವ. ಪ್ರಶ್ನಿಸದ ಪೂಜೆಯಿಂದ ಗ್ರಂಥವು ಕಪಾಟಿನಲ್ಲಿ ಕ್ಷೇಮವಾಗಿರುತ್ತದೆ, ಅಷ್ಟೆ.

ಆದುದರಿಂದ ನಮ್ಮ ಟ್ರಸ್ಟುಗಳಲ್ಲಿ ಒಂದು ವಿಜ್ಞಾಪನೆ. ಶಾಸ್ತ್ರದಾನವೆಂದು ಪುಸ್ತಕ ಮುದ್ರಿಸಿ ಹಂಚುವುದು ಸ್ತುತ್ಯವಾದ ಕಾರ್ಯ. ಅದರೊಡನೆ, ಜೀವದಯಾಷ್ಟಮಿಗೆ ಮುಂಚಿನ ನಾಲ್ಕು ಸಂಜೆ ದಿನಕ್ಕೊಂದು ಅವತಾರದಂತೆ ಈ ಕಾವ್ಯವನ್ನು ಅರ್ಥಸಹಿತ ಓದಿಸಿ, ಹಿರಿಯರು ಕಿರಿಯರು ಕೂಡಿ ಚರ್ಚಿಸುವ ಏರ್ಪಾಡು ಆಗಲಿ. ಹರೆಯದವರು ಕಷ್ಟದ ಪ್ರಶ್ನೆಗಳನ್ನು ಕೇಳಲಿ. ವ್ಯಾಪಾರದಲ್ಲಿರುವ ನಾವೇ ಅವಕ್ಕೆ ಉತ್ತರ ಹೇಳೋಣ. ನಾವು ಯಾವ ಹಿಟ್ಟಿನ ಕೋಳಿಯನ್ನು ಇನ್ನೂ ಕಡಿಯುತ್ತಿದ್ದೇವೆ ಎಂಬ ಪ್ರಶ್ನೆಯು ಮನೆಯ ಊಟದ ಹೊತ್ತಿನಲ್ಲಿ ಒಮ್ಮೆ ಬಂದರೂ ಕಾವ್ಯದ ಓದು ಸಾರ್ಥಕ.